ತುಮಕೂರು ಕೋರ್ಟಿನ ಉಚಿತ ಕಾನೂನು ನೆರವು, ನನ್ನ ಕಡೆಯಿಂದ 5ಕ್ಕೆ 5

ಫ್ರೀ ಅಂದ್ರೆ ಕಾಟಾಚಾರಕ್ಕೆ ಎರಡು ಮಾತಾಡಿ ಕಳಿಸ್ತಾರೆ ಅನ್ಕೊಂಡೇ ಹೋಗಿದ್ದು ನಾನು. ನಂಗೆ ನಾಲ್ಕು ವರ್ಷದ ಮಗ ಇದಾನೆ, ಅವರಪ್ಪಂಗೂ ನಂಗೂ ಮದ್ವೆ ಆಗಿಲ್ಲ, ಬೆಂಗಳೂರಲ್ಲಿ ಒಟ್ಟಿಗೆ ಇದ್ವಿ, ಸರಿಹೋಗ್ಲಿಲ್ಲ, ಮಗು ಕರ್ಕೊಂಡು ಗುಬ್ಬಿಗೆ ಅಮ್ಮನ ಮನೆಗೆ ಬಂದ್ಬಿಟ್ಟೆ. ಆಮೇಲೆ ಶುರುವಾಯ್ತು ಫೋನು, ಬರ್ತ್ ಸರ್ಟಿಫಿಕೇಟಲ್ಲಿ ನನ್ ಹೆಸ್ರಿದೆ, ನಿನ್ ಹತ್ರ ಕೋರ್ಟ್ ಆರ್ಡರ್ ಎಲ್ಲಿದೆ, ಬಂದು ಎತ್ಕೊಂಡು ಹೋಗ್ತೀನಿ ಅಂತ.

ಮೊದ್ಲು ಹೋಗಿದ್ದು ಒಂದು ಪ್ರೈವೇಟ್ ಲಾಯರ್ ಆಫೀಸಿಗೆ, ಹೆಸ್ರು ಬೇಡ ಬಿಡಿ. ಹತ್ತು ನಿಮಿಷಕ್ಕೆ 1,500 ರೂಪಾಯಿ. "ಆರ್ಡರ್ ಇಲ್ದಿದ್ರೆ ನಿಮಗೆ ಹಕ್ಕೇ ಇಲ್ಲಮ್ಮ, ಇವತ್ತೇ ಕೇಸ್ ಹಾಕ್ಬೇಕು" ಅಂದ್ರು, ಗುಮಾಸ್ತ ಆಗ್ಲೇ ವಕಾಲತ್ತು ಫಾರಂ ಮುಂದಿಟ್ಟು ಪೆನ್ನಿನ ಕ್ಯಾಪ್ ತೆಗೆದು ಹಿಡ್ಕೊಂಡಿದ್ದ. ಸೈನ್ ಮಾಡ್ದೆ ಎದ್ದು ಬಂದೆ. ಆದ್ರೆ ಆ ರಾತ್ರಿ ಮಗನ್ನ ಗೋಡೆ ಕಡೆ ಮಲಗಿಸಿ ಬಾಗ್ಲ ಕಡೆ ನಾನು ಮಲಗ್ದೆ, ಅಷ್ಟು ಭಯ.

ಅಂಗನವಾಡಿ ಅಕ್ಕ ಹೇಳಿದ್ರು, ಉಚಿತ ಕಾನೂನು ನೆರವಿನ ಸಹಾಯವಾಣಿ 15100ಗೆ ಫೋನ್ ಮಾಡು, ಇಲ್ಲ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು ಅಂತ. ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಅಲ್ಲಿ ವಕೀಲರು ಫ್ರೀ, 1987ರ ಕಾಯ್ದೆಲೇ ಹಂಗಿದೆಯಂತೆ. ನಾನು ಹೋಗಿದ್ದು ಸರಿಯಾಗಿ ಊಟದ ಟೈಮಿಗೆ, ನನ್ನದೇ ತಪ್ಪು, ನೀವು ಬೆಳಿಗ್ಗೇನೇ ಹೋಗಿ.

ಅಲ್ಲಿ ಸಿಕ್ಕ ವಕೀಲೆ ಕೇಳಿದ ಮೊದಲ ಪ್ರಶ್ನೆನೇ "ತಾಳಿ ಕಟ್ಟಿದ್ರಾ? ದೇವಸ್ಥಾನದಲ್ಲಿ ಏನಾದ್ರೂ ಶಾಸ್ತ್ರ ಆಯ್ತಾ?" ನಂಗೆ ಸಿಟ್ಟು ಬಂತು, ನೀತಿಪಾಠಕ್ಕೆ ಪೀಠಿಕೆ ಅನ್ಕೊಂಡೆ. ಹಂಗಲ್ಲ. ರಿಜಿಸ್ಟರ್ ಆಗದಿದ್ರೂ ಶಾಸ್ತ್ರೋಕ್ತವಾಗಿ ಆಗಿದ್ರೆ ಅದು ಮದ್ವೆನೇ, ಆಗ ಲೆಕ್ಕ ಬೇರೆ, ಅಪ್ಪ ಮೊದಲ ಗಾರ್ಡಿಯನ್ (ಕಾನೂನು ಪ್ರಕಾರ ಮಗು ಪೋಷಕ) ಆಗ್ತಾನೆ, ಆದ್ರೂ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ರನೇ ಇರ್ಬೇಕು. ಏನೂ ಆಗಿಲ್ಲ ಮೇಡಮ್ ಅಂದೆ. "ಹಂಗಾದ್ರೆ ನೋಡಮ್ಮ" ಅಂತ 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಆಕ್ಟ್ ತೆಗೆದು ಸೆಕ್ಷನ್ 6ರ ಮೇಲೆ ಬೆರಳಿಟ್ಟು ತೋರಿಸಿದ್ರು, ಮದ್ವೆ ಇಲ್ದೆ ಹುಟ್ಟಿದ ಮಗುಗೆ ತಾಯಿ ಮೊದಲು, ಆಮೇಲೆ ತಂದೆ. ಇದಕ್ಕೆ ಯಾವ ಆರ್ಡರೂ ಬೇಕಿಲ್ಲ, ಬರ್ತ್ ಸರ್ಟಿಫಿಕೇಟಲ್ಲಿ ಅವರ ಹೆಸ್ರಿದೆ ಅಂತ ಈ ಸಾಲು ತಿರುಗಾಮುರುಗಾ ಆಗಲ್ಲ. ಅದೇ ಸಾಲನ್ನ ನಾನು ಮೂರು ಸಲ ಓದಿಸ್ಕೊಂಡೆ.

ಪೂರ್ತಿ ಸಿಹಿ ಸುದ್ದಿನೂ ಅಲ್ಲ, ಅದನ್ನೂ ಮುಚ್ಚಿಡ್ಲಿಲ್ಲ. ಮಗು ಅಪ್ಪ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್ ಕೆಳಗೆ ಕೋರ್ಟಿಗೆ ಹೋಗ್ಬಹುದು, ಮಗು ನೋಡೋಕೆ ಬಿಡಿ ಅಂತಾನೂ ಕೇಳ್ಬಹುದು, ಜಡ್ಜ್ ನೋಡೋದು ಮಗು ಹಿತ, ನಿನ್ ಕಷ್ಟನೂ ಅಲ್ಲ ಅವರ ಹಠನೂ ಅಲ್ಲ, ಅದಕ್ಕೆ ಸುಮ್ನೆ ಸಿಟ್ಟಿಗೆ ಬಾಗ್ಲು ಹಾಕ್ಬೇಡ ಅಂದ್ರು. ಬಲವಂತವಾಗಿ ಎತ್ಕೊಂಡು ಹೋದ್ರೆ ಹೈಕೋರ್ಟಲ್ಲಿ ಹೇಬಿಯಸ್ ಕಾರ್ಪಸ್, ಅಂದ್ರೆ ಮಗುನ ಕೋರ್ಟ್ ಮುಂದೆ ಹಾಜರು ಮಾಡ್ಸಿ ಅನ್ನೋ ಅರ್ಜಿ ಹಾಕೋ ದಾರಿ ಇದೆ. ಮದ್ವೆ ಆಗಿಲ್ಲ ಅಂದ್ರೂ ಮಗುಗೆ ಜೀವನಾಂಶ ಕೊಡ್ಲೇಬೇಕು, ಮೊದ್ಲು ಸಿಆರ್‌ಪಿಸಿ ಸೆಕ್ಷನ್ 125 ಅಂತಿದ್ರಲ್ಲ, 2024ರಿಂದ ಅದು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144. (ಇದೆಲ್ಲ ಹಿಂದೂ ಕಾನೂನಿನ ಲೆಕ್ಕ, ಬೇರೆ ಧರ್ಮದವರು ಅಲ್ಲೇ ಕೇಳ್ಕೊಳ್ಳಿ.)

ಅವತ್ತು ನನಗಾದ ಖರ್ಚು ಬಸ್ ಚಾರ್ಜು, ಜೆರಾಕ್ಸು, ಬರ್ತಾ ಒಂದು ತಟ್ಟೆ ಇಡ್ಲಿ. ಹೋದ ಭಾನುವಾರ ಅವರಪ್ಪ ಬಂದಿದ್ದ, ಅಮ್ಮನ ಮುಂದೆ ಜಗಲಿ ಮೇಲೇ ಎರಡು ಗಂಟೆ ಮಗನ ಜೊತೆ ಆಡಿ ಹೋದ, ಆರ್ಡರ್ ಮಾತು ಎತ್ಲಿಲ್ಲ. ಆ ಮೊದಲ ಆಫೀಸಿನ 1,500ಕ್ಕೆ ರಸೀದಿ ಕೇಳ್ತಾನೇ ಇದೀನಿ, ಇನ್ನೂ ಕೊಟ್ಟಿಲ್ಲ.