ಪಾದದ ಉರಿಗೆ ‘ನರದ ಮಾತ್ರೆ’: ನಾಲ್ಕು ವರ್ಷ ನುಂಗಿದವಳ ಅಭಿಪ್ರಾಯ

ಐದಕ್ಕೆ ಮೂರು ಸ್ಟಾರ್. ಎರಡು ವಿಟಮಿನ್ ಬಿ12ಗೆ, ಒಂದು ಆಲ್ಫಾ ಲಿಪೋಯಿಕ್ ಆಸಿಡ್ ಅನ್ನೋ ಆ್ಯಂಟಿಆಕ್ಸಿಡೆಂಟ್‌ಗೆ. ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿರೋ ಮಿಕ್ಕ ಹೆಸರುಗಳಿಗೆ ನಾನು ಏನೂ ಕೊಡಲ್ಲ.

ಹಿನ್ನೆಲೆ ಹೇಳದಿದ್ದರೆ ಈ ರೇಟಿಂಗ್‌ಗೆ ಅರ್ಥವಿಲ್ಲ. ವಯಸ್ಸು ಐವತ್ತೆಂಟು, ಸಸ್ಯಾಹಾರಿ. ಹಾಶಿಮೊಟೊ ಥೈರಾಯ್ಡ್ (ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡೋ ಕಾಯಿಲೆ) ಬಹಳ ಹಿಂದಿನಿಂದಲೂ ಇದೆ, ಶುಗರ್ ಆಮೇಲೆ ಸೇರಿಕೊಂಡಿತು. ಅಂಗಾಲಲ್ಲಿ ಚುಮುಚುಮು ಅಂತ ಶುರುವಾಗಿದ್ದು ರಾತ್ರಿ ಹೊದಿಕೆ ತಾಗಿದರೂ ಉರಿ ಅನ್ನೋ ಮಟ್ಟಕ್ಕೆ ಬಂತು. ಜೊತೆಗೆ ಮರಗಟ್ಟುವಿಕೆ. ಒಂದು ಸಂಜೆ ಕಾಲಿಂದ ಹವಾಯಿ ಚಪ್ಪಲಿ ಕಳಚಿದ್ದೇ ಗೊತ್ತಾಗದೆ ನಡೀತಿದ್ದೆ. “ಅಮ್ಮಾ, ಚಪ್ಪಲಿ ಅಲ್ಲೇ ಬಿಟ್ರಲ್ಲಾ” ಅಂತ ಹೂವಿನವಳು ಕೂಗಿದ ಮೇಲೇ ಕೆಳಗೆ ನೋಡಿದ್ದು.

ಡಾಕ್ಟರು 10 ಗ್ರಾಂ ಮಾನೊಫಿಲಮೆಂಟ್ ಅನ್ನೋ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತುತ್ತಾ “ತಾಗ್ತಾ?” ಅಂತ ಕೇಳಿದರು. ಹೆಬ್ಬೆರಳ ಬುಡದಲ್ಲಿ ತಾಗಲೇ ಇಲ್ಲ. 128 ಹರ್ಟ್ಸ್‌ನ ಶ್ರುತಿಕವಲನ್ನು (ಟ್ಯೂನಿಂಗ್ ಫೋರ್ಕ್) ಬೆರಳ ಮೇಲಿಟ್ಟರೆ ಗುಂಯ್ ಅನ್ನೋದು ಕಿವಿಗೆ ಕೇಳ್ತಿತ್ತು, ಕಾಲಿಗೆ ಗೊತ್ತಾಗ್ತಿರಲಿಲ್ಲ.

ರಕ್ತ ಪರೀಕ್ಷೆಯಲ್ಲಿ ಬಿ12 200ಕ್ಕಿಂತ ಕೆಳಗಿತ್ತು, ಅಂದ್ರೆ ಕೊರತೆ. ವರ್ಷಗಟ್ಟಲೆ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತಗೊಂಡವರಲ್ಲಿ ಬಿ12 ಕುಸಿಯೋದು ಗೊತ್ತಿರೋ ವಿಷಯವೇ, ಸಸ್ಯಾಹಾರದ ಪಾಲೂ ಇರುತ್ತೆ. ನಮ್ಮಂಥವರಿಗೆ ಇನ್ನೊಂದು ಕಾರಣವೂ ಇರಬಹುದು: ಥೈರಾಯ್ಡಿನ ಮೇಲೆ ಮುಗಿಬಿದ್ದ ರೋಗನಿರೋಧಕ ವ್ಯವಸ್ಥೆ ಕೆಲವರಲ್ಲಿ ಹೊಟ್ಟೆಯ ಒಳಪದರವನ್ನೂ ಕೆಡಿಸಿ, ಬಿ12 ಹೀರಿಕೊಳ್ಳೋ ದಾರಿಯನ್ನೇ ಮುಚ್ಚಿಬಿಡುತ್ತೆ. ಅದಕ್ಕೇ ನನಗೆ ಮೊದಲು ಇಂಜೆಕ್ಷನ್, ಆಮೇಲೆ ಮಾತ್ರೆ. ಕೆಲವು ತಿಂಗಳಲ್ಲಿ ಚುಮುಚುಮು ಅರ್ಧಕ್ಕರ್ಧ ಇಳಿಯಿತು. ಬಿ12 ಸರಿ ಇದ್ದವರಿಗೂ ಹೀಗೇ ಆಗುತ್ತೆ ಅಂತ ನಾನು ಹೇಳಲಾರೆ. ಟೆಸ್ಟ್ ಮಾಡಿಸದೆ ಮಾತ್ರೆ ಕೊಳ್ಳಬೇಡಿ.

ಆಲ್ಫಾ ಲಿಪೋಯಿಕ್ ಆಸಿಡ್ ದಿನಕ್ಕೆ 600 ಮಿ.ಗ್ರಾಂ. ಉರಿಗೆ ಸ್ವಲ್ಪ ಉಪಕಾರ ಆಗಿದೆ, ಸ್ವಲ್ಪವೇ. ಖಾಲಿ ಹೊಟ್ಟೆಗೆ ತಗೊಂಡರೆ ಎದೆಯುರಿ ಬೇರೆ. ಅಪರೂಪಕ್ಕೆ ಕೆಲವರಲ್ಲಿ ಇದು ಇನ್ಸುಲಿನ್ ವಿರುದ್ಧವೇ ಪ್ರತಿಕಾಯ ಹುಟ್ಟಿಸಿ ಶುಗರನ್ನು ದಿಢೀರನೆ ಇಳಿಸುತ್ತೆ. ಜಪಾನಿನ ಹಿರಾತ ಎಂಬ ವೈದ್ಯರು 1970ರಲ್ಲಿ ಗುರುತಿಸಿದ ಕಾಯಿಲೆ ಅದು. ನನ್ನ ಹಾಶಿಮೊಟೊದಂಥ ಆಟೊಇಮ್ಯೂನ್ ಕಾಯಿಲೆ ಇರೋರು ಇದನ್ನ ಡಾಕ್ಟರ ಕಿವಿಗೆ ಹಾಕಿಯೇ ಶುರುಮಾಡಬೇಕು.

ಕಾಂಬಿನೇಷನ್ ಮಾತ್ರೆಗಳ ಮೇಲೆ ನನ್ನ ತಕರಾರು ಇರೋದು ಬಿ6 ಮತ್ತು ಬಯೋಟಿನ್ ಅನ್ನೋ ವಿಟಮಿನ್‌ಗಳ ಬಗ್ಗೆ. ಬಿ6 ಅತಿಯಾದರೆ ಅದೇ ನರಗಳನ್ನು ಹಾಳುಮಾಡುತ್ತೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ದಿನದ ಮಿತಿಯನ್ನು 12 ಮಿ.ಗ್ರಾಂ.ಗೆ ಇಳಿಸಿತು. ಎರಡು ಮೂರು ಕಡೆಯ ಮಾತ್ರೆ ಸೇರಿದರೆ ಆ ಮಿತಿ ಸುಲಭವಾಗಿ ದಾಟುತ್ತೆ. ಬಯೋಟಿನ್ ಆಟವೇ ಬೇರೆ. ದಿನಕ್ಕೆ ಬೇಕಾಗೋದು 30 ಮೈಕ್ರೊಗ್ರಾಂ, ಮಾತ್ರೆಗಳಲ್ಲಿ ಅದು ಮಿಲಿಗ್ರಾಂಗಟ್ಟಲೆ ಇರುತ್ತೆ. ಥೈರಾಯ್ಡ್ ಡೋಸ್ ಸರಿಯಿದೆಯಾ ಅಂತ ನೋಡೋ ನನ್ನ ಟಿಎಸ್‌ಎಚ್ ಟೆಸ್ಟ್ ಇದ್ದಕ್ಕಿದ್ದಂತೆ ತೀರಾ ಕಡಿಮೆ ಬಂದು, ಥೈರಾಯ್ಡ್ ಡೋಸ್ ಇಳಿಸೋ ಮಾತೂ ಆಯ್ತು. ಬಯೋಟಿನ್ ನಿಲ್ಲಿಸಿ ಮತ್ತೆ ರಕ್ತ ಕೊಟ್ಟರೆ ಎಂದಿನ ಅಂಕಿಯೇ! ಕೆಲವು ಲ್ಯಾಬ್ ವಿಧಾನಗಳನ್ನೇ ಇದು ಏಮಾರಿಸುತ್ತೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿತ್ತು. ಕಂಪನಿಯವರು ಇದನ್ನೊಂದು ಸಾಲಲ್ಲಾದರೂ ಅಚ್ಚು ಹಾಕಬಹುದಿತ್ತು.

ವ್ಯಾಯಾಮಕ್ಕೆ ಐದಕ್ಕೆ ಐದು, ದುಡ್ಡೂ ಹೆಚ್ಚು ಕೇಳಲ್ಲ. ಫಿಸಿಯೋಥೆರಪಿಸ್ಟ್ ಹುಡುಗಿ ಹೇಳಿಕೊಟ್ಟದ್ದು ಸರಳ: ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತೋದು, ಕುರ್ಚಿಯಿಂದ ಕೈ ಊರದೆ ಏಳೋದು, ಟೈಲ್ಸಿನ ಗೆರೆ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯೋದು, ಕೊನೆಗೆ ಒಂಟಿಕಾಲಲ್ಲಿ ನಿಲ್ಲೋದು. ಕುಕ್ಕರ್ ಒಂದು ವಿಷಲ್‌ನಿಂದ ಇನ್ನೊಂದಕ್ಕೆ ಹೋಗೋವರೆಗೆ ಒಂದು ಕಾಲು, ಆಮೇಲೆ ಇನ್ನೊಂದು. ಶುರುವಿನಲ್ಲಿ ಕಣ್ಣು ಮುಚ್ಚಿದರೆ ಸಾಕು, ಒಲೆ ಕಡೆಗೇ ವಾಲ್ತಿದ್ದೆ. “ಮೇಡಂ, ಒಂದು ಬೆರಳಾದ್ರೂ ಕಟ್ಟೆ ಮೇಲಿರಲಿ” ಅಂತ ಗದರಿಸಿದ್ದಳು. ಇದರಿಂದ ಉರಿ ಹೋಗಲಿಲ್ಲ, ಮರಗಟ್ಟಿದ ಜಾಗಕ್ಕೆ ಸ್ಪರ್ಶವೂ ಮರಳಲಿಲ್ಲ. ಆದರೆ ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಗೋಡೆ ತಡವೋದು ನಿಂತಿತು, ಮೆಟ್ಟಿಲು ಇಳಿಯೋ ಭಯ ಹೋಯಿತು. ಊಟದ ನಂತರದ ನಡಿಗೆಯಿಂದ ಶುಗರ್ ಹಿಡಿತಕ್ಕೆ ಬಂದದ್ದು ಬೇರೆ ಲಾಭ.

ಚಪ್ಪಲಿ ಮಾತ್ರ ಎಂಸಿಆರ್, ಅಂದ್ರೆ ಮೆತ್ತನೆ ರಬ್ಬರಿನದು. ವಾಕಿಂಗ್ ಮುಗಿಸಿ ಬಂದು ಅಂಗಾಲಿಗೆ ಕನ್ನಡಿ ಹಿಡಿದು ನೋಡ್ತೀನಿ. ಮಧ್ಯಾಹ್ನದ ಬಿಸಿಲಲ್ಲಿ ದೇವಸ್ಥಾನದ ಕಲ್ಲಿನ ಮೇಲೆ ಪ್ರದಕ್ಷಿಣೆ ಹಾಕಲ್ಲ, ಬೊಬ್ಬೆ ಬಂದರೆ ಗೊತ್ತೇ ಆಗಲ್ಲ. ಅತ್ತಿಗೆ ಕಳಿಸಿದ ಅಮೃತಬಳ್ಳಿ ಕಷಾಯದ ಪುಡಿ ಡಬ್ಬಿಯಲ್ಲೇ ಇದೆ. ಅದು ಇಮ್ಯೂನಿಟಿ ಹೆಚ್ಚಿಸುತ್ತೆ ಅಂತಾರೆ, ಆದರೆ ಇಮ್ಯೂನಿಟಿ ಕಡಿಮೆಯಾಗಿ ಬಂದ ರೋಗ ನನ್ನದಲ್ಲ; ಆಟೊಇಮ್ಯೂನ್ ಇರೋರಲ್ಲಿ ಅದರಿಂದ ಲಿವರ್‌ಗೆ ಪೆಟ್ಟಾದ ವರದಿಗಳೂ ಇವೆ.

ಕಾಂಬಿನೇಷನ್ ಬಿಟ್ಟು ಈಗ ಬರೀ ಮಿಥೈಲ್‌ಕೋಬಾಲಮಿನ್ (ಬಿ12ರ ಒಂದು ರೂಪ) ಕೊಳ್ತಿದ್ದೀನಿ, ಲಿಪೋಯಿಕ್ ಆಸಿಡ್ ಬೇರೆ ಸ್ಟ್ರಿಪ್. ರಾತ್ರಿಯ ಉರಿಗೆ ಡಾಕ್ಟರು ಕೊಟ್ಟ ನರನೋವಿನ ಔಷಧಿ ಪ್ರೆಗಾಬಲಿನ್ ಇದ್ದೇ ಇದೆ. ಅದನ್ನ ಬಿಡಿಸೋಷ್ಟು ಶಕ್ತಿ ಯಾವ ಸಪ್ಲಿಮೆಂಟಿಗೂ ನನ್ನ ಕಾಲಲ್ಲಿ ಕಾಣಲಿಲ್ಲ.