ಹಳ್ಳದ ನೀರು ಪರೀಕ್ಷೆ ಕಿಟ್: ಶಾಲೆಗೆ ತರಬಹುದೇ?

ತೀರ್ಥಹಳ್ಳಿ, ಹೊಸನಗರ ಕಡೆಯ ಮಕ್ಕಳಿಗೆ ಹಳ್ಳದ ಪಾಠ ಹೇಳಲು ಈ ಕಿಟ್ ಮುಕ್ಕಾಲು ಪಾಲು ಸಾಕು. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ), ನೈಟ್ರೇಟ್ ಬಾಟಲಿ ಸಲೀಸು. ನೀರಿಗೆ ಬಂದ ಬಣ್ಣವನ್ನು ಮರದ ನೆರಳು ಬಿಟ್ಟು ಬಯಲು ಬೆಳಕಲ್ಲಿ ಬಣ್ಣದ ಪಟ್ಟಿಗೆ ಹೋಲಿಸಿ. ಕ್ಲೋರಿನ್ ಬಾಟಲಿ ನಲ್ಲಿ ನೀರಿಗಷ್ಟೆ, ಹಳ್ಳಕ್ಕೆ ದಂಡ.

ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿಗೆ ಗೆರೆಯವರೆಗೆ ನೀರು ತುಂಬಿ ಬೆಚ್ಚಗಿಡಿ. ಕಪ್ಪಾದರೆ ಮಲದ ಸೋಂಕಿನ ಶಂಕೆ. ಆಷಾಢದ ಥಂಡಿಯಲ್ಲಿ 24 ಗಂಟೆಗೇ ‘ಶುದ್ಧ’ ಅನ್ನಬೇಡಿ, 48 ಕಾಯಿರಿ.

ದೊಡ್ಡ ಕೊರತೆ: ತಾಮ್ರದ ಪರೀಕ್ಷೆಯೇ ಇಲ್ಲ. ಅಡಿಕೆ ಕೊಳೆರೋಗಕ್ಕೆ 100 ಲೀಟರಿಗೆ ತಲಾ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿ ಹೊಡೆದ ಮೇಲೆ ಡ್ರಮ್ಮು ತೊಳೆಯುವುದು ಎಲ್ಲಿ? ಹಳ್ಳದಲ್ಲೇ ತಾನೆ!

ನೀರಹುಳ ಹಿಡಿಯಲು ಕೊಟ್ಟ ಬಲೆಯ ಕಣ್ಣು ದೊಡ್ಡದು. ಹಳೇ ಸೊಳ್ಳೆಪರದೆ ತುಂಡೇ ಮೇಲು. ಕಲ್ಲು ಮಗುಚಿ, ಮೂರು ಬಾಲದ ಮೇಫ್ಲೈ (ಶುದ್ಧ ನೀರಿನ ಗುರುತಾದ ಹುಳ) ಮರಿ ಎಣಿಸಿದ ಮೇಲೆ ಕಲ್ಲನ್ನು ಮೊದಲಿದ್ದಂತೆಯೇ ಇಡಿಸಿ.