ಹಳೆಯ ವಿಎಚ್‌ಎಸ್ ಕ್ಯಾಸೆಟ್: ಡಿವಿಡಿ ರೆಕಾರ್ಡರೋ, ಯುಎಸ್‌ಬಿ ಕ್ಯಾಪ್ಚರೋ?

ಮದುವೆ, ನಾಮಕರಣದ ವಿಎಚ್‌ಎಸ್ ಕ್ಯಾಸೆಟ್‌ಗಳು ಬೀರುವಿನಲ್ಲಿದ್ದರೆ, ಅವನ್ನು ಡಿಸ್ಕ್‌ಗೋ ಕಂಪ್ಯೂಟರ್ ಫೈಲ್‌ಗೋ ಇಳಿಸಿಕೊಳ್ಳಲು ಇನ್ನು ತಡ ಮಾಡಬೇಡಿ. ಕ್ಯಾಸೆಟ್ ಓಡಿಸುವ ಯಂತ್ರವಾದ ವಿಸಿಆರ್‌ನ ತಯಾರಿಕೆ 2016ರಲ್ಲೇ ನಿಂತುಹೋಗಿದೆ. ಇರುವುದು ಕೆಟ್ಟರೆ ಬಿಡಿಭಾಗ ಸಿಗುವುದೂ ಕಷ್ಟ.

ಡಿವಿಡಿ ರೆಕಾರ್ಡರ್‌ಗೆ ಕಂಪ್ಯೂಟರ್ ಬೇಡ. ವಿಸಿಆರ್‌ನಿಂದ ಹಳದಿ, ಬಿಳಿ, ಕೆಂಪು ವೈರ್ ಸಿಕ್ಕಿಸಿ, ಇತ್ತ ಪ್ಲೇ, ಅತ್ತ ರೆಕಾರ್ಡ್ ಒತ್ತಿದರೆ ಆಯಿತು. ಆದರೆ 4.7 ಜಿಬಿ ಡಿಸ್ಕ್‌ನಲ್ಲಿ ಒಳ್ಳೆಯ ಗುಣಮಟ್ಟದಲ್ಲಿ ಹಿಡಿಯುವುದು ಸುಮಾರು 2 ಗಂಟೆ. ಇ-180 ಕ್ಯಾಸೆಟ್ 3 ಗಂಟೆಯದು. ಎಲ್ಲವನ್ನೂ ಒಂದೇ ಡಿಸ್ಕ್‌ಗೆ ತುರುಕಿದರೆ, ಜನ ಓಡಾಡುವ ದೃಶ್ಯಗಳಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಧಾರೆಯ ಹೊತ್ತಿನ ನೂಕುನುಗ್ಗಲಿನಲ್ಲಿ ಅಜ್ಜಿಯ ಮುಖವೇ ಗುರುತು ಸಿಗದಂತಾಗಬಾರದಲ್ಲ!

ಯುಎಸ್‌ಬಿ ಕ್ಯಾಪ್ಚರ್ ಎಂದರೆ ವಿಸಿಆರ್‌ನ ಚಿತ್ರ, ಧ್ವನಿಯನ್ನು ಕಂಪ್ಯೂಟರ್‌ಗೆ ತಲುಪಿಸುವ ಪುಟ್ಟ ಸಾಧನ. ಇದಕ್ಕೂ ಅದೇ ಮೂರು ವೈರ್. ಆದರೆ ಇಲ್ಲಿ ಸಿಗುವುದು ಫೈಲ್. ಬೇಡದ್ದನ್ನು ಕತ್ತರಿಸಬಹುದು, ದೂರದ ಊರಿನ ಮಕ್ಕಳಿಗೆ ಕಳಿಸಬಹುದು, ಬೇಕೆಂದಾಗ ಡಿವಿಡಿಗೂ ಬರೆಯಬಹುದು. ನಮ್ಮ ಕ್ಯಾಸೆಟ್‌ಗಳಿಗೆ ಸೆಟ್ಟಿಂಗ್‌ನಲ್ಲಿ ನಮ್ಮ ದೇಶದ ವಿಡಿಯೊ ಪದ್ಧತಿಯಾದ ಪಾಲ್ (PAL) ಆರಿಸಿ: 720×576, ಸೆಕೆಂಡಿಗೆ 25 ಫ್ರೇಮ್. ಅಮೆರಿಕದಿಂದ ಬಂದ ಕ್ಯಾಸೆಟ್ ಅಲ್ಲಿನ ಎನ್‌ಟಿಎಸ್‌ಸಿ (NTSC) ಪದ್ಧತಿಯದು. ಅದನ್ನು ಓದಬಲ್ಲ ವಿಸಿಆರ್ ಬೇಕು. ತೀರಾ ಅಗ್ಗದ ಸಾಧನಗಳಲ್ಲಿ ಹೋಗ್ತಾ ಹೋಗ್ತಾ ಮಾತು ತುಟಿಗೆ ಹೊಂದದೆ ಹೋಗುವುದುಂಟು. ಹಾಗಾಗಿ ಫೈಲ್‌ನ ಕೊನೆಯ ಭಾಗವನ್ನು ತಪ್ಪದೆ ನೋಡಿ.

ಸಮಯದಲ್ಲಿ ವ್ಯತ್ಯಾಸವಿಲ್ಲ, 3 ಗಂಟೆಯ ಕ್ಯಾಸೆಟ್‌ಗೆ 3 ಗಂಟೆಯೇ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ನನ್ನ ಓಟು ಯುಎಸ್‌ಬಿಗೆ.

ಕರಾವಳಿ, ಮಲೆನಾಡಿನವರು ಮೊದಲು ಕ್ಯಾಸೆಟ್‌ನ ಕಿಟಕಿಯಲ್ಲಿ ಇಣುಕಿ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ವಿಸಿಆರ್‌ಗೆ ಹಾಕಲೇಬೇಡಿ. ಅದು ವಿಸಿಆರ್‌ನೊಳಗೆ ಟೇಪ್ ಓದುವ ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ದಾಟುತ್ತದೆ. ಅಂಥದ್ದನ್ನು ಟೇಪ್ ಶುಚಿ ಮಾಡಿಕೊಡುವವರಿಗೇ ಒಪ್ಪಿಸಿ.